'ಇದು ಸಂಗೀತವಲ್ಲ' ಎಂದವರಿಗೆ ಕೇಳುಗರು ಕೊಟ್ಟ ಉತ್ತರ



ನಮ್ಮ ಕೇರಿಯ ತಮಟೆಗೆ ಊರಿನಲ್ಲಿ ಎರಡು ವಿಮರ್ಶೆಗಳಿವೆ. ಮಾರಿ ಹೊರಡುವ ರಾತ್ರಿ "ಬಾರ್ಸ್ರೋ, ಇನ್ನೂ ಜೋರಾಗಿ ಬಾರ್ಸ್ರೋ" ಅನ್ನುತ್ತಾರೆ. ಹಬ್ಬ ಮುಗಿದ ಮರುದಿನ ಅದೇ ಬಾಯಿ "ಏನು ಗದ್ದಲ ಇವರದು" ಅನ್ನುತ್ತದೆ. ನಾವು ಓದಿದ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮ್ಮ ಹುಡುಗರು ಮೊದಲ ಸಲ ವೇದಿಕೆ ಹತ್ತಿ ತಮಟೆ ಬಾರಿಸಿದರು. ಬಾರಿಸಿ ಇಳಿಯುತ್ತಿದ್ದ ಹಾಗೇ ಮೇಷ್ಟ್ರೊಬ್ಬರು ಮೈಕು ಹಿಡಿದು "ಸರಿ, ಇನ್ನು ಸಂಗೀತ ಶುರುವಾಗಲಿ" ಅಂದರು. ಸಭೆ ನಕ್ಕಿತು. ನಾವೂ ನಕ್ಕೆವು.

ಆ ಮೇಷ್ಟ್ರ ಮಾತಿಗಿಂತ ನಮ್ಮ ನಗೆಯೇ ನಮ್ಮನ್ನು ಬಹಳ ದಿನ ಕಾಡಿದೆ. ತೀರ್ಪು ಕೊಡುವವನು ಒಬ್ಬ. ತಲೆಯಾಡಿಸುವವರು ಐನೂರು ಜನ. ತೀರ್ಪುಗಾರರ ಚರಿತ್ರೆಯನ್ನು ಎಲ್ಲರೂ ಬರೆದಿದ್ದಾರೆ. ಕೇಳುತ್ತಾ ಕೂತಿದ್ದವರು ಆಮೇಲೆ ಏನು ಮಾಡಿದರು ಅನ್ನುವುದನ್ನು ಬರೆದವರು ಕಡಿಮೆ. ಅಂಥ ಒಂದು ಪ್ರಸಂಗವನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಅಮೆರಿಕದ ಕಪ್ಪು ಜನರ ಜಾಝ್ ಸಂಗೀತದ ಒಂದು ಜಗಳ. 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ 'ಪ್ಯಾಂಥರ್' ಎಂದು ಹೆಸರಿಟ್ಟುಕೊಂಡದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿಯೇ. ಅಲ್ಲಿಂದೀಚೆಗೆ ಆ ಜನರ ಕವಿತೆ ನಮಗೆ ಗೊತ್ತು, ಹೋರಾಟ ಗೊತ್ತು. ಅವರ ಸಂಗೀತದ ಜಗಳ ಮಾತ್ರ ನಮ್ಮ ಹಾಸ್ಟೆಲುಗಳ ತನಕ ಬರಲಿಲ್ಲ.

ಜಗಳದ ನಡುವೆ ನಿಂತವನು ಜಾನ್ ಕೋಲ್ಟ್ರೇನ್. 1926ರ ಸೆಪ್ಟೆಂಬರ್ 23ರಂದು ನಾರ್ತ್ ಕೆರೊಲಿನಾದ ಹ್ಯಾಮ್ಲೆಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಅಪ್ಪ ದರ್ಜಿ. ತಾಯಿಯ ತಂದೆ ಕಪ್ಪು ಜನರ ಚರ್ಚಿನಲ್ಲಿ ಪಾದ್ರಿ. 12ನೇ ವಯಸ್ಸಿನಲ್ಲಿ ಅಪ್ಪನನ್ನು ಕಳೆದುಕೊಂಡ. ತಾಯಿ ಮನೆಗೆಲಸ ಮಾಡಿ ಸಾಕಿದಳು. ಬಸ್ಸಿನಲ್ಲಿ, ಶಾಲೆಯಲ್ಲಿ, ನೀರು ಕುಡಿಯುವ ನಲ್ಲಿಯಲ್ಲಿ ಕೂಡ ಬಿಳಿಯರಿಗೊಂದು ಕರಿಯರಿಗೊಂದು ಇದ್ದ ಕಾಲ ಅದು. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನು ಊದುತ್ತಿದ್ದುದು ಸ್ಯಾಕ್ಸೋಫೋನ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ, ಮೋಹಗೊಂಡು, ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರಲ್ಲ, ಅದೇ ಬಾಗಿದ ಕೊಳವೆಯ ಹಿತ್ತಾಳೆ ವಾದ್ಯ. ಕೋಲ್ಟ್ರೇನ್ ಮಾದಕ ವಸ್ತುವಿನ ಚಟಕ್ಕೆ ಬಿದ್ದ. ಮೈಲ್ಸ್ ಡೇವಿಸ್‌ನ ತಂಡದಿಂದ ಅದೇ ಕಾರಣಕ್ಕೆ ಹೊರದಬ್ಬಿಸಿಕೊಂಡ. 1957ರಲ್ಲಿ ಚಟ ಬಿಟ್ಟು ಎದ್ದು ನಿಂತ. ಎದ್ದವನು ಸುಮ್ಮನೆ ಕೂರಲಿಲ್ಲ. ಇದ್ದ ರಾಗದ ಚೌಕಟ್ಟು ಸಾಲದು ಎಂದು ಅದನ್ನು ಒಳಗಿನಿಂದ ಗುದ್ದತೊಡಗಿದ.

ಮೊದಲ ಪೆಟ್ಟು ಬಿದ್ದದ್ದು ಕೇಳುಗರಿಂದಲೇ, ವಿಮರ್ಶಕನಿಂದಲ್ಲ. 1960ರ ಮಾರ್ಚ್ 21, ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣ. ಮತ್ತೆ ಮೈಲ್ಸ್ ಡೇವಿಸ್‌ನ ಜೊತೆ ಸೇರಿದ್ದ ಕೋಲ್ಟ್ರೇನ್ ಒಂಟಿಯಾಗಿ ಊದಲು ನಿಂತಾಗ ಸಭೆಯ ಒಂದು ಭಾಗ ಸಿಳ್ಳೆ ಹೊಡೆಯಿತು. ನಮ್ಮ ಟೂರಿಂಗ್ ಟಾಕೀಸಿನಲ್ಲಿ ಸಿಳ್ಳೆ ಅಂದರೆ ಆನಂದ. ಫ್ರಾನ್ಸಿನಲ್ಲಿ ಸಿಳ್ಳೆ ಅಂದರೆ ಇಳಿ ಕೆಳಗೆ ಅಂತ. ಅದೇ ಸಭೆಯ ಇನ್ನೊಂದು ಭಾಗ ಚಪ್ಪಾಳೆ ಹೊಡೆಯಿತು. ಎರಡೂ ಧ್ವನಿಮುದ್ರಣದಲ್ಲಿ ಉಳಿದಿವೆ. ಅದರ ಮರುದಿನ ಸ್ಟಾಕ್‌ಹೋಮಿನಲ್ಲಿ ಪತ್ರಕರ್ತನೊಬ್ಬ ನೇರವಾಗಿ ಕೇಳಿದ: ನಿನ್ನ ಸಂಗೀತದಲ್ಲಿ ಸಿಟ್ಟಿದೆ ಅನ್ನುತ್ತಾರಲ್ಲ, ಹೌದಾ? ಕೋಲ್ಟ್ರೇನ್ ಸಿಟ್ಟು ಮಾಡಿಕೊಳ್ಳದೆ ಉತ್ತರ ಕೊಟ್ಟ. ಒಂದೇ ಹೊತ್ತಿಗೆ ಬಹಳಷ್ಟನ್ನು ಹುಡುಕುತ್ತಿದ್ದೇನೆ, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ಇನ್ನೂ ಆರಿಸಿಕೊಂಡಿಲ್ಲ, ಅದಕ್ಕೇ ಸಿಟ್ಟಿನ ಹಾಗೆ ಕೇಳಿಸುತ್ತಿರಬಹುದು ಅಂದ.

ಕಪ್ಪು ಮನುಷ್ಯ ಜೋರಾಗಿ ಊದಿದರೆ ಅದು ಸಿಟ್ಟು. ಬಿಳಿಯ ಊದಿದರೆ ಅದು ಪ್ರಯೋಗ. ದಲಿತ ಕವಿ ಬರೆದರೆ ಆಕ್ರೋಶ, ಉಳಿದವರು ಬರೆದರೆ ಸಂವೇದನೆ ಅನ್ನುವುದನ್ನು ನಾವು ಕೇಳಿಲ್ಲವೇ?

ಮುಂದಿನ ವರ್ಷ ಕೋಲ್ಟ್ರೇನ್‌ನ ಸ್ವಂತ ತಂಡಕ್ಕೆ ಎರಿಕ್ ಡಾಲ್ಫಿ ಬಂದು ಸೇರಿದ. ಲಾಸ್ ಏಂಜಲೀಸಿನ ಹುಡುಗ. ಕೊಳಲು, ಆಲ್ಟೋ ಸ್ಯಾಕ್ಸೋಫೋನ್, ಬಾಸ್ ಕ್ಲಾರಿನೆಟ್ ಮೂರನ್ನೂ ಊದುತ್ತಿದ್ದವನು, ಸ್ವಭಾವದಲ್ಲಿ ಬಹಳ ಮೆತ್ತಗಿನವನು. ಹಾಲಿವುಡ್ಡಿನ ರೆನಸಾನ್ಸ್ ಕ್ಲಬ್ಬಿನಲ್ಲಿ ಈ ತಂಡದ ಕಛೇರಿ ಕೇಳಿದ ಜಾನ್ ಟೈನನ್ ಎಂಬ ವಿಮರ್ಶಕ 1961ರ ನವೆಂಬರ್ 23ರ 'ಡೌನ್ ಬೀಟ್' ಪತ್ರಿಕೆಯಲ್ಲಿ ಬರೆದ. 'ಡೌನ್ ಬೀಟ್' ಅಂದರೆ ಸಾಮಾನ್ಯ ಪತ್ರಿಕೆಯಲ್ಲ. 1934ರಿಂದ ಷಿಕಾಗೋದಿಂದ ಹೊರಡುತ್ತಿದ್ದ, ಜಾಝ್ ಲೋಕದ ನ್ಯಾಯಸ್ಥಾನದ ಹಾಗಿದ್ದ ಪತ್ರಿಕೆ. ಟೈನನ್ ಹೇಳಿದ್ದು ಇಷ್ಟು: ಹಿಂದಿನ ತಾಳದವರು ಚೆನ್ನಾಗಿಯೇ ನುಡಿಸುತ್ತಿದ್ದರು, ಈ ಇಬ್ಬರು ಊದುಗರು ಮಾತ್ರ ಬೇಕೆಂದೇ ಸ್ವಿಂಗನ್ನು ಹಾಳು ಮಾಡುತ್ತಾ ಅರಾಜಕತೆಯ ದಾರಿ ಹಿಡಿದಿದ್ದಾರೆ. ಸ್ವಿಂಗ್ ಅಂದರೆ ಕೇಳುವವನ ಕಾಲು ತಾನಾಗಿ ತಾಳ ಹಾಕುವಂತೆ ಮಾಡುವ ಆ ಸಂಗೀತದ ತೂಗು. ಇದೆಲ್ಲ ಒಬ್ಬ ಕೇಳುಗನ ಅಭಿಪ್ರಾಯ, ಇರಲಿ ಬಿಡಿ. ಆದರೆ ಅವನು ಅದಕ್ಕೊಂದು ಹೆಸರನ್ನೂ ಕೊಟ್ಟ: 'ಜಾಝ್ ವಿರೋಧಿ'. ಲಿಯೊನಾರ್ಡ್ ಫೆದರ್ ಎಂಬ ಇನ್ನೊಬ್ಬ ದೊಡ್ಡ ವಿಮರ್ಶಕ ಆ ಹೆಸರನ್ನು ಎತ್ತಿಕೊಂಡ. ಹೆಸರು ಊರೆಲ್ಲ ತಿರುಗಿತು.

ಜಾಝ್ ಎಲ್ಲಿಂದ ಬಂತು? ಗುಲಾಮರಾಗಿ ಹಡಗಿನಲ್ಲಿ ತುಂಬಿಸಿಕೊಂಡು ಬಂದವರ ಮೊಮ್ಮಕ್ಕಳಿಂದ ಬಂತು. ಅವರ ಮನೆಯ ಮೊಮ್ಮಗನನ್ನೇ ಮನೆಯ ಜಗಲಿಯಲ್ಲಿ ನಿಲ್ಲಿಸಿ 'ನೀನು ಈ ಮನೆಯ ವಿರೋಧಿ' ಅಂದ ಹಾಗಾಯಿತು ಇದು. ಮಡಿ ಮೈಲಿಗೆಯ ಕೆಲಸವೇ ಇಂಥದು. ಅದು 'ನನಗೆ ಹಿಡಿಸಲಿಲ್ಲ' ಅನ್ನುವುದಿಲ್ಲ, 'ನೀನು ಒಳಗಿನವನಲ್ಲ' ಅನ್ನುತ್ತದೆ.

ಈಗ ಕೇಳುಗರ ಮಾತಿಗೆ ಬರೋಣ. 'ಡೌನ್ ಬೀಟ್'ಗೆ ಕಾಗದಗಳು ಬಂದವು. ಓದುಗರ ಪತ್ರಗಳಿಗೆಂದೇ ಆ ಪತ್ರಿಕೆಯಲ್ಲಿ 'ಕಾರ್ಡ್ಸ್ ಅಂಡ್ ಡಿಸ್ಕಾರ್ಡ್ಸ್' ಅನ್ನುವ ಅಂಕಣವಿತ್ತು, ಅಂದರೆ ಸ್ವರಮೇಳ ಮತ್ತು ಅಪಸ್ವರ ಅಂತ ಇಟ್ಟುಕೊಳ್ಳಿ. ಅಭಿಮಾನಿಗಳೆಲ್ಲ ಒಂದು ಕಡೆ, ವಿಮರ್ಶಕ ಒಂದು ಕಡೆ ಎಂದು ಹೇಳಿಬಿಟ್ಟರೆ ನಮಗೆ ಸುಲಭ, ಚರಿತ್ರೆ ಹಾಗಿಲ್ಲ. ಟೈನನ್ ಹೇಳಿದ್ದು ಸರಿ ಎಂದವರಿದ್ದರು. ಅವನ ಕಿವಿಯನ್ನೇ ಪ್ರಶ್ನಿಸಿದವರಿದ್ದರು. ಅದೇ ನವೆಂಬರಿನಲ್ಲಿ ತಂಡ ಬ್ರಿಟನ್ನಿಗೆ ಹೋದಾಗ ದುಡ್ಡು ಕೊಟ್ಟು ಬಂದ ಅಭಿಮಾನಿಗಳೇ ಎಷ್ಟೋ ಜನ ತಬ್ಬಿಬ್ಬಾದರು, ಕೆಲವರು ನಡುವೆಯೇ ಎದ್ದು ಹೋದರು. ವಿಮರ್ಶಕರೆಲ್ಲ ಒಂದೇ ಜಾತಿ ಎಂದೂ ಹೇಳುವ ಹಾಗಿಲ್ಲ. ಅದೇ 1961ರಲ್ಲಿ ಅದೇ 'ಡೌನ್ ಬೀಟ್'ನ ವಿಮರ್ಶಕರು ಮತ ಹಾಕಿ ಕೋಲ್ಟ್ರೇನ್‌ನನ್ನು ಟೆನರ್ ಸ್ಯಾಕ್ಸೋಫೋನಿನಲ್ಲಿ ಮೊದಲಿಗ ಎಂದು ಆರಿಸಿದ್ದರು.

ಆದರೂ ಆ ಕಾಗದಗಳ ಜಗಳದಿಂದ ಒಂದು ಕೆಲಸ ಆಯಿತು. ಇಷ್ಟು ದಿನ ಸಂಗೀತಗಾರರ ಬಗ್ಗೆ ಬರೆಯುತ್ತಿದ್ದ ಪತ್ರಿಕೆ ಈಗ ಸಂಗೀತಗಾರರನ್ನೇ ಕೂರಿಸಿಕೊಂಡು ಕೇಳಬೇಕಾಯಿತು. ಸಂಪಾದಕ ಡಾನ್ ಡಿಮೈಕಲ್ ಇಬ್ಬರನ್ನೂ ಮಾತಾಡಿಸಿದ. 1962ರ ಏಪ್ರಿಲ್ 12ರ ಸಂಚಿಕೆಯಲ್ಲಿ ಅದು ಬಂತು. ವಿಮರ್ಶಕರಿಗೆ ಅವರಿಬ್ಬರ ಉತ್ತರ ಎನ್ನುವುದೇ ಅದರ ತಲೆಬರಹ. ನಮ್ಮ ಹುಡುಗರು ಈ ಮಾತುಕತೆಯನ್ನು ಓದಬೇಕು. ನೀವು ಏನು ಮಾಡುತ್ತಿದ್ದೀರಿ ಎಂದು ಕೇಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರಂತೆ. ಆಮೇಲೆ ಡಾಲ್ಫಿ ಮಾತಾಡಿದ. ಕ್ಯಾಲಿಫೋರ್ನಿಯಾದ ಮನೆಯಲ್ಲಿ ಅಭ್ಯಾಸ ಮಾಡುವಾಗ ಹಕ್ಕಿಗಳು ಅವನ ಜೊತೆ ಕೂಗುತ್ತಿದ್ದವು. ಅವನು ಅಭ್ಯಾಸ ನಿಲ್ಲಿಸಿ ಹಕ್ಕಿಗಳ ಜೊತೆ ಊದುತ್ತಿದ್ದ. ಹಕ್ಕಿಯ ಸ್ವರ ಪಿಯಾನೋದ ಎರಡು ಮನೆಗಳ ನಡುವೆ ಎಲ್ಲೋ ಇರುತ್ತದೆ, ಭಾರತದ ಸಂಗೀತದಲ್ಲೂ ಅಂಥ ನಡುಸ್ವರಗಳಿವೆ ಅಂದ. ಗದ್ದಲ ಅಂದವರಿಗೆ ಅವನು ತೋರಿಸಿದ ಸಾಕ್ಷಿ ಹಕ್ಕಿ.

ಕೋಲ್ಟ್ರೇನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನೀವು ಬಹಳ ಹೊತ್ತು ಎಳೆಯುತ್ತೀರಿ ಅನ್ನುವ ದೂರನ್ನು ಅವನು ತಳ್ಳಿಹಾಕಲಿಲ್ಲ. ಹಾರ್ಲೆಮ್ಮಿನ ಅಪೋಲೋ ರಂಗಮಂದಿರದಲ್ಲಿ ಹೊತ್ತು ಕಡಿಮೆ ಇದ್ದಾಗ, ಬೇರೆ ಕಡೆ ಗಂಟೆಗಟ್ಟಲೆ ಹಿಡಿಯುವುದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದನ್ನು ಅವನೇ ನೆನೆದ. ಹತ್ತು ನಿಮಿಷದಲ್ಲಿ ಹೇಳಬಹುದಾದ್ದನ್ನು ಗಂಟೆ ಹೇಳುತ್ತಿದ್ದರೆ ಹತ್ತು ನಿಮಿಷದಲ್ಲೇ ಹೇಳುವುದು ಮೇಲು ಎಂದು ಒಪ್ಪಿಕೊಂಡ. ವಿಮರ್ಶಕನಿಗೆ ಅವನು ಕೇಳಿದ್ದು ಒಂದೇ: ಬರೆಯುವ ಮೊದಲು ಅರ್ಥ ಮಾಡಿಕೋ. ಟೀಕೆಯಲ್ಲಿ ಕಾಳಿದ್ದರೆ ಆರಿಸಿಕೊಳ್ಳುವುದು, ಹೊಟ್ಟಿದ್ದರೆ ತೂರುವುದು. ನಮ್ಮ ಕವಿಗೋಷ್ಠಿಗಳಲ್ಲಿ ಯಾರಾದರೂ ಪದ್ಯ ಉದ್ದವಾಯಿತು ಅಂದರೆ ಅವನ ಜಾತಿ ಯಾವುದು ಎಂದು ಮೊದಲು ನೋಡುವ ನಮಗೂ ಇದರಲ್ಲಿ ಪಾಠವಿದೆ. ನೋಡಬೇಕಾದ ಕಡೆ ಜಾತಿಯನ್ನೂ ನೋಡೋಣ. ಪದ್ಯ ಉದ್ದವಾಗಿತ್ತೋ ಇಲ್ಲವೋ ಅದನ್ನೂ ನೋಡೋಣ.

ಎರಡೇ ವಾರದ ಮೇಲೆ ಅದೇ ಪತ್ರಿಕೆ ಇನ್ನೊಂದು ವಿಚಿತ್ರ ಮಾಡಿತು. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ 1961ರ ನವೆಂಬರಿನಲ್ಲಿ ಮುದ್ರಿಸಿಕೊಂಡ ತಟ್ಟೆಗೆ ಒಂದೇ ಸಂಚಿಕೆಯಲ್ಲಿ ಇಬ್ಬರಿಂದ ವಿಮರ್ಶೆ ಹಾಕಿಸಿತು. ಪೀಟ್ ವೆಲ್ಡಿಂಗ್ ಮೆಚ್ಚಿದ. ಐರಾ ಗಿಟ್ಲರ್, ಒಂದು ಕಾಲಕ್ಕೆ ಕೋಲ್ಟ್ರೇನ್‌ನನ್ನು ಬಾಯ್ತುಂಬ ಹೊಗಳಿದ್ದವನೇ, ಇಂಥ ಕಿರುಚಾಟವನ್ನು ಮನೆಯ ಅಭ್ಯಾಸದ ಕೋಣೆಯಲ್ಲಿ ಇಟ್ಟುಕೊಳ್ಳಲಿ ಎಂದು ಬರೆದ. ಓದುಗ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ತನ್ನ ಕಿವಿಯನ್ನು ತಾನೇ ಕೇಳಬೇಕಾಯಿತು. ತೀರ್ಪು ಎರಡಾದಾಗ ತೀರ್ಪುಗಾರನ ಪೀಠ ಅಲುಗುತ್ತದೆ. ಆ ಪೀಠ ಅಲುಗಲು ಕಾರಣ ಅಂಚೆಯಲ್ಲಿ ಬಂದ ಕಾಗದಗಳು ಅನ್ನುವುದು ನಮ್ಮ ಅಂದಾಜು.

ಕೋಲ್ಟ್ರೇನ್ ಕೊಟ್ಟ ದೊಡ್ಡ ಉತ್ತರ ಅಚ್ಚಿಗಾಗಿ ಬರೆದದ್ದಲ್ಲ. ಡಿಮೈಕಲ್ ಅವನಿಗೆ ಏರನ್ ಕೋಪ್‌ಲೆಂಡ್ ಎಂಬ ಹೆಸರಾಂತ ಬಿಳಿಯ ಸಂಗೀತ ರಚನಕಾರನ ಪುಸ್ತಕವೊಂದನ್ನು ಓದಲು ಕಳಿಸಿದ್ದ. 1962ರ ಜೂನ್ 2ರಂದು ಕೋಲ್ಟ್ರೇನ್ ಅದಕ್ಕೆ ಬರೆದ ಕಾಗದದ ಸಾರ ಹೀಗೆ: ಪುಸ್ತಕ ಚೆನ್ನಾಗಿದೆ, ಆದರೆ ಅದರ ಚಿಂತೆ ನಮ್ಮ ಚಿಂತೆಯಲ್ಲ. ಬದುಕಿಗೆ ಒಪ್ಪಿಗೆ ಕೊಡುವ ತತ್ವವೊಂದು ಬೇಕು ಎಂದು ಜಾಝ್ ಸಂಗೀತಗಾರ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ನಮ್ಮೊಳಗೇ ಕಟ್ಟಿಕೊಂಡಿದೆ. ಇಲ್ಲದಿದ್ದರೆ ನಾವೆಲ್ಲ ಎಂದೋ ಸತ್ತುಹೋಗುತ್ತಿದ್ದೆವು. ಇನ್ನೂ ಒಂದು ಮಾತಿದೆ. ಹೊಸದನ್ನು ತರುವವರು ಬಹಳ ಸಲ ಆ ಸಮಾಜವೇ ಹೊರಗಿಟ್ಟ ಜನ, ಅರ್ಧ ಪ್ರಜೆಗಳು. ತಮ್ಮನ್ನು ಹೊರಗಿಟ್ಟ ಸಮಾಜಕ್ಕೇ ಅವರು ಅನ್ನ ಬಡಿಸುತ್ತಾರೆ ಎಂಬರ್ಥದ ಮಾತು. ಮೊದಲ ಸಲ ಓದಿದಾಗ ನಾವು ಪುಸ್ತಕ ಮುಚ್ಚಿಟ್ಟು ಹಾಸ್ಟೆಲಿನ ಹೊರಗೆ ಸ್ವಲ್ಪ ದೂರ ನಡೆದುಬಂದೆವು. ಹೊರಗಿಟ್ಟವರು ಅನ್ನುವ ಶಬ್ದವನ್ನು ಆತ ಬಳಸಿದಾಗ ನಮ್ಮ ಕೇರಿ ಅವನಿಗೆ ಗೊತ್ತಿರಲಿಲ್ಲ.

ಅವನಿಗೆ ಗೊತ್ತಿದ್ದ ಭಾರತ ಬೇರೆ. ರವಿಶಂಕರರ ಸಿತಾರ್ ಕೇಳಿ ಮಾರುಹೋಗಿದ್ದ. ವ್ಯಾನ್‌ಗಾರ್ಡ್ ಕ್ಲಬ್ಬಿನ ಆ ರಾತ್ರಿಗಳಲ್ಲಿ 'ಇಂಡಿಯಾ' ಎಂದೇ ಹೆಸರಿಟ್ಟ ರಚನೆಯನ್ನು ನುಡಿಸಿದ. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ಹೆಸರಿಟ್ಟ. ಕಡಲಾಚೆಯ ಹೊರಗಿನವನೊಬ್ಬ ನಮ್ಮ ದೇಶದ ಒಳಮನೆಯ ಸಂಗೀತವನ್ನು ಅಷ್ಟು ಪ್ರೀತಿಯಿಂದ ಕೇಳಿದ. ಆ ಒಳಮನೆಯ ಬಾಗಿಲಲ್ಲಿ ನಿಂತು ತಮಟೆ ಕೇಳಿದವರು ಎಷ್ಟು ಜನ?

ಕೇಳುಗರಲ್ಲಿ ಬರೆಯಬಲ್ಲವರೂ ಇದ್ದರು. ಆಗ ಲೆರಾಯ್ ಜೋನ್ಸ್ ಎಂದು, ಮುಂದೆ ಅಮೀರಿ ಬರಾಕ ಎಂದು ಹೆಸರಾದ ಕಪ್ಪು ಕವಿ 1963ರಲ್ಲಿ ಅದೇ 'ಡೌನ್ ಬೀಟ್'ನಲ್ಲಿ ಬಿಳಿಯ ವಿಮರ್ಶಕನ ಬಗ್ಗೆ ಲೇಖನ ಬರೆದ. ಸಂಗೀತ ಮಾಡುವವರು ಹೆಚ್ಚಾಗಿ ಕರಿಯರು, ತೂಗಿ ನೋಡುವವರು ಹೆಚ್ಚಾಗಿ ಬಿಳಿಯರು, ಇದು ಹೇಗೆ? ಸ್ವರವನ್ನು ಅದು ಹುಟ್ಟಿದ ಬದುಕಿನಿಂದ ಕಿತ್ತು ತಕ್ಕಡಿಗೆ ಹಾಕಿದರೆ ಸಿಗುವುದು ಯಾರ ತೂಕ? ಅವನ ವಾದದ ತಿರುಳು ಇದು. ವಿಮರ್ಶೆಗೆ ವಿಮರ್ಶೆಯಿಂದಲೇ ಉತ್ತರ. ಅವನು ಸುಮ್ಮನೆ ಅಭಿಮಾನಿಯಾಗಿ ಜೈಕಾರ ಹಾಕಿದ್ದರೆ ನಾವು ಇವತ್ತು ಅವನ ಹೆಸರು ಎತ್ತುತ್ತಿರಲಿಲ್ಲ.

ಉಳಿದ ಸಾವಿರಾರು ಜನ ಲೇಖನ ಬರೆಯುವವರಲ್ಲ. ಅವರಿಗೆ ಇದ್ದದ್ದು ಓದುಗರ ಮತ. 'ಡೌನ್ ಬೀಟ್' ಪ್ರತಿವರ್ಷ ಓದುಗರಿಂದ ಮತ ಹಾಕಿಸಿ ಒಬ್ಬರನ್ನು ತನ್ನ ಹಾಲ್ ಆಫ್ ಫೇಮಿಗೆ, ಅಂದರೆ ಸಂಗೀತಗಾರರ ಗೌರವದ ಸಾಲಿಗೆ ಸೇರಿಸುತ್ತಿತ್ತು. 1964ರಲ್ಲಿ ಓದುಗರು ಆರಿಸಿದ್ದು ಎರಿಕ್ ಡಾಲ್ಫಿಯನ್ನು. 1965ರಲ್ಲಿ ಜಾನ್ ಕೋಲ್ಟ್ರೇನ್‌ನನ್ನು. ಆ ವರ್ಷದ ಶ್ರೇಷ್ಠ ತಟ್ಟೆ ಎಂದು ಆರಿಸಿದ್ದೂ ಅವನ 'ಎ ಲವ್ ಸುಪ್ರೀಮ್' ಅನ್ನು. ಯಾವ ಪತ್ರಿಕೆ 'ಜಾಝ್ ವಿರೋಧಿ' ಎಂದು ಅಚ್ಚು ಹಾಕಿತ್ತೋ ಅದೇ ಪತ್ರಿಕೆಯ ಓದುಗರು, ಮೂರು ನಾಲ್ಕು ವರ್ಷದೊಳಗೆ, ಅದೇ ಇಬ್ಬರನ್ನು ಒಬ್ಬರ ಹಿಂದೆ ಒಬ್ಬರಂತೆ ಅದೇ ಪತ್ರಿಕೆಯ ಪುಟದಲ್ಲಿ ಕೂರಿಸಿದರು.

ಸಂತೋಷಪಡುವ ಮುಂಚೆ ಒಂದು ಮಾತು. ಡಾಲ್ಫಿಗೆ ಆ ಗೌರವ ಬಂದಾಗ ಅವನು ಇರಲಿಲ್ಲ. 1964ರ ಜೂನ್ 29ರಂದು ಬರ್ಲಿನ್ನಿನಲ್ಲಿ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಿದ್ದ, ವಯಸ್ಸು 36. 1966ರ ಆಗಸ್ಟಿನಲ್ಲಿ ಫ್ರಾಂಕ್ ಕಾಫ್‌ಸ್ಕಿ ಎಂಬ ಎಡಪಂಥೀಯ ಅಭಿಮಾನಿ ಕೋಲ್ಟ್ರೇನ್‌ನನ್ನು ಸಂದರ್ಶನ ಮಾಡಿದ. ಕೋಲ್ಟ್ರೇನ್ ತಾನೇ ರೈಲು ನಿಲ್ದಾಣಕ್ಕೆ ಕಾರು ತಂದು ಅವನನ್ನು ಕರೆದುಕೊಂಡ. ಕಾರಿನಲ್ಲೇ ಕೂತು ಮಾತಾಡಿದರು. ಆ 1961ರ ಟೀಕೆಯ ಮಾತು ಬಂದಾಗ ನಮಗೆ ಸಂಗೀತದ ಅ ಆ ಕೂಡ ಬರುವುದಿಲ್ಲ ಅನ್ನುವ ಹಾಗೆ ಬರೆದರಲ್ಲ ಎಂದು ಐದು ವರ್ಷದ ಮೇಲೂ ನೊಂದುಕೊಂಡ. ತನಗಾದ ನೋವಿಗಿಂತ ಹೆಚ್ಚಾಗಿ, ಅಷ್ಟು ಒಳ್ಳೆಯ ಎರಿಕ್ ಅದರಿಂದ ನೊಂದನಲ್ಲ, ಅದು ನನ್ನನ್ನು ನೋಯಿಸಿತು ಅಂದ. ಮತಪೆಟ್ಟಿಗೆ ತಲುಪುವುದು ನಿಧಾನ. ಮಾತು ಬೇಗ ತಲುಪುತ್ತದೆ.

ಅದೇ ಸಂದರ್ಶನದಲ್ಲಿ ಅಭಿಮಾನಿಯ ಇನ್ನೊಂದು ಮುಖವೂ ಕಾಣುತ್ತದೆ. ನಿನ್ನ ಸಂಗೀತ ಕಪ್ಪು ರಾಷ್ಟ್ರೀಯತೆಯ ಸಂಗೀತ ತಾನೇ, ಮಾಲ್ಕಮ್ ಎಕ್ಸ್‌ನ ಸಂಗೀತ ತಾನೇ ಎಂದು ಕಾಫ್‌ಸ್ಕಿ ಮತ್ತೆ ಮತ್ತೆ ಕೆದಕಿದ. ಮಾಲ್ಕಮ್‌ನ ಭಾಷಣ ಕೇಳಿದ್ದೆ, ಮನಸ್ಸಿಗೆ ನಾಟಿತು ಎಂದ ಕೋಲ್ಟ್ರೇನ್, ಸಂಗೀತ ಮನುಷ್ಯನ ಒಳಗಿನದು, ಆಗುತ್ತಿರುವುದೆಲ್ಲ ಅದರಲ್ಲಿ ಬರುತ್ತದೆ ಎಂದ, ಅಷ್ಟಕ್ಕೇ ನಿಂತ. ವಿಮರ್ಶಕ ಅವನನ್ನು ಮನೆಯಿಂದ ಹೊರಗೆ ಹಾಕಲು ನೋಡಿದ, ಅಭಿಮಾನಿ ತಾನು ಕಟ್ಟಿದ ಕೋಣೆಯೊಳಗೆ ಕೂಡಲು ನೋಡಿದ. ಅವನು ಎರಡಕ್ಕೂ ಸಿಕ್ಕಲಿಲ್ಲ. 1965ರ ನಂತರ ಅವನ ಸಂಗೀತ ಇನ್ನೂ ಕಡಿದಾಯಿತು. ಅವನ ಜೊತೆಗಾರರೇ, ಪಿಯಾನೋದ ಮೆಕಾಯ್ ಟೈನರ್, ಡ್ರಮ್ಮಿನ ಎಲ್ವಿನ್ ಜೋನ್ಸ್, ತಂಡ ಬಿಟ್ಟರು. 'ಎ ಲವ್ ಸುಪ್ರೀಮ್' ಮೆಚ್ಚಿದ್ದ ಕೇಳುಗರಲ್ಲೂ ಎಷ್ಟೋ ಜನ ಈಗ ಕಛೇರಿಯ ನಡುವೆ ಎದ್ದು ಹೋದರು. 1967ರ ಜುಲೈ 17ರಂದು ಯಕೃತ್ತಿನ ಕ್ಯಾನ್ಸರಿನಿಂದ ಸತ್ತಾಗ ಅವನಿಗೆ 40. ಸಾವಿನ ಸಭೆಯಲ್ಲಿ ಊದಿದವರು ಆಲ್ಬರ್ಟ್ ಐಲರ್ ಮತ್ತು ಆರ್ನೆಟ್ ಕೋಲ್ಮನ್, ಇದು ಸಂಗೀತವೇ ಅಲ್ಲ ಎಂದು ಅವನಷ್ಟೇ ಅನ್ನಿಸಿಕೊಂಡ ಇಬ್ಬರು. ಸತ್ತ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಅಭಿಮಾನಿಗಳು ಅವನನ್ನು ಸಂತನನ್ನಾಗಿ ಮಾಡಿ ಅವನ ಹೆಸರಿನಲ್ಲೊಂದು ಚರ್ಚನ್ನೇ ಕಟ್ಟಿದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ರಾಜಕೀಯದ ಭಕ್ತಿಯ ಬಗ್ಗೆ ಕೊಟ್ಟ ಎಚ್ಚರಿಕೆ ನಮಗೆ ಇಲ್ಲಿ ನೆನಪಾಗುತ್ತದೆ. ರಸಿಕ ಮರುಪ್ರಶ್ನೆ ಕೇಳುತ್ತಾನೆ. ಭಕ್ತ ಊದುಬತ್ತಿ ಹಚ್ಚುತ್ತಾನೆ.

ಇದನ್ನೆಲ್ಲ ಓದುವಾಗ ನಮ್ಮ ನೆಲದ ಇನ್ನೊಂದು ವಿಮರ್ಶೆ ಪಕ್ಕದಲ್ಲಿ ಬಂದು ಕೂರುತ್ತದೆ. ನಾವು ಹುಟ್ಟುವ ಎಷ್ಟೋ ವರ್ಷ ಮುಂಚೆ, 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದೂ ಒಂದು ವಿಮರ್ಶೆಯೇ, ಕಟುವಾದ ವಿಮರ್ಶೆ. ಇಲ್ಲ, ಸಾಹಿತ್ಯ ಬೂಸಾ ಅಲ್ಲ, ಇಂಥಿಂಥ ಕಾರಣಕ್ಕೆ ಅಲ್ಲ ಎಂದು ಕಾಗದ ಬರೆಯಬಹುದಿತ್ತು. ಕನ್ನಡದ ಅಭಿಮಾನಿಗಳು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಮಂತ್ರಿಯ ಪದವಿ ಹೋಯಿತು. ಬಿಳಿಯ ವಿಮರ್ಶಕ ಕಪ್ಪು ಸಂಗೀತಗಾರನನ್ನು ಜರಿದಾಗ ಅವನ ಕೈಯಲ್ಲಿದ್ದ ಪೆನ್ನನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಇಲ್ಲಿ ಜರಿದವನು ದಲಿತ. ಅಭಿಮಾನಿಗಳ ಉತ್ತರ ಕಾಗದವಾಗುತ್ತದೋ ಕಲ್ಲಾಗುತ್ತದೋ ಅನ್ನುವುದು ಟೀಕೆ ಎಷ್ಟು ಖಾರವಾಗಿತ್ತು ಅನ್ನುವುದರ ಮೇಲೆ ನಿಂತಿಲ್ಲ. ಏಟು ತಿಂದ ಆ ಹುಡುಗರು ಮುಂದೆ ಸಂಘಟನೆ ಕಟ್ಟಿದರು, ಪದ್ಯ ಬರೆದರು, ಹಾಡಿದರು. ಅದು ನಿಮಗೆಲ್ಲ ಗೊತ್ತಿರುವ ಚರಿತ್ರೆ.

ಹೋದ ವರ್ಷ ಊರಿಗೆ ಹೋದಾಗ ನಮ್ಮಪ್ಪನಿಗೆ ಮೊಬೈಲಿನಲ್ಲಿ ಕೋಲ್ಟ್ರೇನ್ ಕೇಳಿಸಿದೆವು. ಅಪ್ಪ ಊರಿನ ಸಾವಿಗೆಲ್ಲ ತಮಟೆ ಬಡಿದವನು. ಮೊದಲು ವ್ಯಾನ್‌ಗಾರ್ಡಿನ ಹದಿನಾರು ನಿಮಿಷದ್ದು ಹಾಕಿದೆವು. ಐದು ನಿಮಿಷಕ್ಕೆ "ಉಸ್ರು ಬುಡಾಕೂ ಬುಡಾಕಿಲ್ವಲ್ಲ ಮಗಾ ಇವ, ನಿಲ್ಸು" ಅಂದ. ಗಿಟ್ಲರ್ ಬರೆದದ್ದೂ ಹೆಚ್ಚುಕಡಿಮೆ ಅದನ್ನೇ. ಆಮೇಲೆ 'ಅಲಬಾಮ' ಹಾಕಿದೆವು. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮಿನ ಚರ್ಚಿಗೆ ಬಿಳಿಯರು ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದ ಮೇಲೆ, ಎರಡು ತಿಂಗಳಿಗೆ ಕೋಲ್ಟ್ರೇನ್ ಮುದ್ರಿಸಿದ್ದು. ನಾವು ಏನೂ ಹೇಳಿರಲಿಲ್ಲ. ಅಪ್ಪ ಬೀಡಿ ಆರಿಸಿ ಕೊನೆಯವರೆಗೂ ಕೇಳಿದ. ಆಮೇಲೆ "ಯಾರ್ ಸತ್ತದ್ಕೆ ಊದ್ತಾವ್ನೆ ಇವ?" ಅಂದ. ಹೇಳಿದೆವು.

"ಏಟು ವಯಸ್ಸಾಗಿತ್ತು ಮಕ್ಕಳ್ಗೆ?"

ಮೂವರಿಗೆ 14, ಒಬ್ಬಳಿಗೆ 11 ಅಂದೆವು. "ಇನ್ನೊಂದ್ಕಿತಾ ಹಾಕು" ಅಂದ.